ತೂತಿಲ್ಲದ ಡಬ್ಬದ ತುಳಸಿ

ನಮ್ಮ ಮನೆಯ ಹೆಣ್ಣುಹುಡುಗಿ ಡಿಗ್ರಿ ಮುಗಿಸುವುದು ಆಗದ ಮಾತು ಎಂದವರು ನನ್ನ ಸೋದರಮಾವ. ಆಗುತ್ತದೆ ಎಂದವರು ಎದುರು ಮನೆಯ ಮುಸ್ಲಿಂ ಚಿಕ್ಕಮ್ಮ, ನಮ್ಮೆಲ್ಲರ ಖಾಲಾ. ಅವರ ಪಾದ ಎಷ್ಟು ಊದಿರುತ್ತಿತ್ತೆಂದರೆ, ಚಪ್ಪಲಿ ಕಳಚಿದ ಮೇಲೂ ಪಟ್ಟಿಯ ಗುರುತು ಗುಳಿಯಾಗಿ ಉಳಿದು ಬಹಳ ಹೊತ್ತು ತುಂಬುತ್ತಿರಲಿಲ್ಲ. ದಿನವೂ ನೋಡುತ್ತಿದ್ದೆ. ಏನಾಗಿದೆ ಎಂದು ಒಮ್ಮೆಯೂ ಕೇಳಲಿಲ್ಲ.

ತೊಂಬತ್ತರ ದಶಕದ ಕೊನೆ. ರಾಯಚೂರು ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದ ನಾವು ಹಲಸೂರಿನ ಒಂದು ವಠಾರದಲ್ಲಿ ಒಂದೇ ಕೋಣೆಯ ಬಾಡಿಗೆ ಮನೆಯಲ್ಲಿದ್ದೆವು. ಅಂಗಳವಿಲ್ಲ, ಊರಿನ ಕಟ್ಟೆಯಿಂದ ತಂದ ತುಳಸಿ ಕಿಟಕಿಯ ಒಳಗೆ ಎಣ್ಣೆ ಡಬ್ಬದಲ್ಲಿತ್ತು. ನಾನು ಬಿ.ಕಾಂ. ಕೊನೆಯ ವರ್ಷಕ್ಕೆ ಬಂದಾಗ ಅದರ ಎಲೆ ಕಪ್ಪಾಗಿ ಉದುರತೊಡಗಿತು. ನನ್ನನ್ನು ಸೊಸೆ ಮಾಡಿಕೊಳ್ಳಲು ಕಾದಿದ್ದ ಮಾವ ಬಂದು ಡಬ್ಬದ ಮುಂದೆ ಕೂತರು. ಹುಡುಗಿಯ ಓದಿನಿಂದ ಮನೆದೇವರಿಗೆ ಸಿಟ್ಟು ಬಂದಿದೆ, ಇದು ಒಣಗಿದ ದಿನ ಓದು ಬಿಡಿಸಿ ಕರೆದೊಯ್ಯುತ್ತೇನೆ ಎಂದರು. ಅಪ್ಪ ಹೂಂ ಅಂದುಬಿಟ್ಟರು.

ಮರುದಿನದಿಂದ ಅಪ್ಪ, ಅವ್ವ, ತಂಗಿ, ನಾನು, ಸ್ನಾನ ಮುಗಿಸಿ ಒಬ್ಬೊಬ್ಬರೂ ಒಂದೊಂದು ತಂಬಿಗೆ ನೀರು ಹೊಯ್ದೆವು. ಶುಕ್ರವಾರ ಹಾಲು. ಎಲೆ ಇನ್ನಷ್ಟು ಉದುರಿತು. ಬೆಳಿಗ್ಗೆ ಎದ್ದು ಪುಸ್ತಕಕ್ಕಿಂತ ಮೊದಲು ಉದುರಿದ ಎಲೆಗಳನ್ನೇ ಎಣಿಸುತ್ತಿದ್ದೆ.

ಖಾಲಾ ನಮ್ಮ ಹೊಸ್ತಿಲು ದಾಟಿದವರಲ್ಲ. ದಾಟಿ ಎಂದು ನಾವೂ ಕರೆದಿರಲಿಲ್ಲ. ಒಂದು ದಿನ ಬಾಗಿಲಲ್ಲೇ ನಿಂತು, "ಬೇರು ಕೊಳೀತಾ ಇದೆ, ವಾಸನೆ ಬರ್ತಿಲ್ವಾ? ಡಬ್ಬಕ್ಕೆ ತೂತೆಲ್ಲಿ?" ಎಂದರು.

ತೂತಿರಲಿಲ್ಲ. ದೇವರ ಗಿಡದ ನೀರು ನೆಲಕ್ಕಿಳಿದು ಯಾರಾದರೂ ತುಳಿದರೆ ಪಾಪವೆಂದು ಅಪ್ಪನೇ ಹುಡುಕಿ ಹುಡುಕಿ ಗಟ್ಟಿ ಡಬ್ಬ ತಂದಿದ್ದರು.

"ಕೆಳಗೆ ತಟ್ಟೆ ಇಡು ಬೇಟಾ, ಯಾರೂ ತುಳಿಯಲ್ಲ. ನಾನು ಮುಟ್ಟಲ್ಲ, ನಿಮ್ಮಮ್ಮಂಗೆ ಬೇಜಾರಾಗುತ್ತೆ. ಮೊಳೆ ನೀನೇ ಹೊಡಿ."

ಹೊಡೆದೆ. ನಾರುವ ಕಪ್ಪು ನೀರು ಬಂತು. ಅವ್ವ ಕಣ್ಣು ಮುಚ್ಚಿಕೊಂಡಳು. ಮಣ್ಣಿಗೆ ಬೆರಳಿಟ್ಟು ನೋಡಿ, ಕೆಸರು ಅಂಟಿದರೆ ಆ ದಿನ ನೀರಿಲ್ಲ ಎಂದು ಖಾಲಾ ನಿಯಮ ಮಾಡಿದರು. ಪೂಜೆ ಮಾಡುವುದು ನೀವು, ಕುಡಿಯುವುದು ಅದು, ಒಂದು ಸಲ ಅದನ್ನೂ ಕೇಳಿ ಎಂದರು. ತುಂಬಿದ ತಂಬಿಗೆ ಹಿಡಿದು ಸುಮ್ಮನೆ ನಿಲ್ಲುವಷ್ಟು ಕಷ್ಟದ ಪೂಜೆಯನ್ನು ನಾನು ಬೇರೆ ಮಾಡಿಲ್ಲ. ತುಳಸಿಯ ತಂಗಿ ಸಬ್ಜಾ, ಅಂದರೆ ಕಾಮಕಸ್ತೂರಿ ಗಿಡವನ್ನು, ತಮ್ಮವರು ಗೋರಿಯ ಮೇಲೆ ನೆಡುತ್ತಾರೆ ಎಂದು ಖಾಲಾ ನಕ್ಕರು. ನನಗೆ ನಗು ಬರಲಿಲ್ಲ.

ಕೊನೆಗೆ ಬೋಳು ಕಡ್ಡಿಯೊಂದೇ ಉಳಿಯಿತು. ಒಂದು ಚಿಗುರು ಬಂದರೆ ಪಾಸು, ಬಾರದಿದ್ದರೆ ಫೇಲು ಎಂದು ಮನಸ್ಸಿನಲ್ಲೇ ಪಣ ಕಟ್ಟಿದ್ದೆ. ಖಾಲಾ ಬಳಿ ಬಾಯಿಬಿಟ್ಟಾಗ ಬೈದರು: "ಗಿಡಕ್ಕೆ ನಿನ್ನ ಪರೀಕ್ಷೆ ಗೊತ್ತಿಲ್ಲ. ನಿನ್ನ ಭಯ ತಗೊಂಡು ಅದರ ತಲೆ ಮೇಲೆ ಯಾಕೆ ಇಡ್ತೀಯ? ನಿನ್ನ ಕೆಲಸ ನೀನು ಮಾಡು, ಅದರ ಕೆಲಸ ಅದು ಮಾಡ್ಲಿ."

ಎರಡು ಪರೀಕ್ಷೆ ಬಾಕಿಯಿರುವಾಗ ಕಡ್ಡಿಯ ಬುಡದಲ್ಲಿ ಸಾಸಿವೆಯಷ್ಟು ಹಸಿರು ಕಂಡಿತು. ಹೇಳಲು ಓಡಿದೆ. ಅವರ ಬಾಗಿಲ ಮುಂದೆ ಚಪ್ಪಲಿಗಳ ರಾಶಿ. ಆಸ್ಪತ್ರೆಯಿಂದ ಆಗಷ್ಟೇ ಅವರ ಶವ ತಂದಿದ್ದರು. ಕಿಡ್ನಿ ಕೆಟ್ಟು, ದಿನಕ್ಕೆ ಎರಡೇ ಲೋಟ ನೀರು ಎಂದು ವೈದ್ಯರು ಕಟ್ಟು ಮಾಡಿ ತಿಂಗಳುಗಳಾಗಿತ್ತಂತೆ. ನಮ್ಮ ಬಾಗಿಲಲ್ಲಿ ನಿಂತು ನೀರಿನ ಅಳತೆ ಹೇಳಿದ್ದು ಒಣಗಿದ ಗಂಟಲಿನಿಂದ.

"ಇದು ಬದುಕ್ತು, ಅಕಿನ್ನ ಒಯ್ತು," ಅಂದಳು ಅವ್ವ. ಆ ಮಾತು ಕೇಳಿ ಚಿಗುರನ್ನು ಚಿವುಟಿ ಹಾಕಲೇ ಅನ್ನಿಸಿತು. ಮಣ್ಣಿಗೆ ಬೆರಳಿಟ್ಟೆ. ತೇವವಿತ್ತು. ತಂಬಿಗೆ ಕೆಳಗಿಟ್ಟು ಪುಸ್ತಕ ತೆರೆದೆ.

ಮಾವ ಬಂದರು, ಹಸಿರು ನೋಡಿದರು, "ಫೇಲಾದ ಮ್ಯಾಲೆ ಬರ್ತೀನಿ" ಎಂದು ಹೋದರು. ಫಲಿತಾಂಶ ಬರುವವರೆಗೆ ಹೊರಗೆ ಯಾರ ಹೆಜ್ಜೆ ಕೇಳಿದರೂ ಅವರೇ ಅನ್ನಿಸುತ್ತಿತ್ತು.

ಪಾಸಾದೆ. ನಮ್ಮ ವಂಶದ ಮೊದಲ ಡಿಗ್ರಿ ನನ್ನದು. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಸರ್ಟಿಫಿಕೇಟನ್ನು ಅವ್ವನ ಕೈಗೆ ಕೊಟ್ಟೆ. ಓದಲು ಬಾರದವಳು ನನ್ನ ಹೆಸರು ಎಲ್ಲಿದೆ ಎಂದು ಕೇಳಿ, ಅದರ ಮೇಲೆ ಹೆಬ್ಬೆರಳಿಟ್ಟಳು.

"ನಿಮ್ಮ ಮಾವ ಬರ್ಲಿ," ಎಂದಳು. "ಈ ಸಲ ನಾ ಮಾತಾಡ್ತೀನಿ. ಅಂಜಿ ಅಂಜಿ ಸಾಕಾಗ್ಯಾದ."