ಅವ್ವನ ಮೇಲಿನ ಕೆಂಪು ಗುರುತು

ಅವ್ವನಿಗೆ ಏನೂ ಆಗಿರಲಿಲ್ಲ. ಎಲ್ಲಿಂದ ಶುರು ಮಾಡಬೇಕೆಂದು ತಿಳಿಯದೆ ಇದನ್ನೇ ಮೊದಲು ಬರೆಯುತ್ತಿದ್ದೇನೆ. ಎದೆನೋವಿರಲಿಲ್ಲ. ಸುಸ್ತಿರಲಿಲ್ಲ.

ಹಿರಿಯೂರು ಕಡೆಯ ಹಳ್ಳಿ ನಮ್ಮದು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಮೂವತ್ತು ದಾಟಿದ ಎಲ್ಲರಿಗೂ ಹಾರ್ಟ್ ರಿಸ್ಕ್ ನೋಡುತ್ತಿದ್ದಾರೆಂದು ತಿಳಿದು ಅಪ್ಪನನ್ನು ಕರೆದುಕೊಂಡು ಹೋದೆ. ಅಪ್ಪ ಬೀಡಿ ಸೇದುತ್ತಾರೆ. ನನ್ನ ಭಯವೆಲ್ಲ ಅವರ ಬಗ್ಗೆಯೇ. ಅವ್ವ ಸುಮ್ಮನೆ ಜೊತೆಗೆ ಬಂದಳು.

ಡಾಕ್ಟರ ಮೇಜಿನ ಮೇಲೊಂದು ಚಾರ್ಟ್. ವಯಸ್ಸು, ಬಿಪಿ, ಶುಗರ್, ಬೀಡಿ ಎಲ್ಲ ಹೊಂದಿಸಿ ನೋಡುವ ಬಣ್ಣದ ಚೌಕಗಳು. ಅಪ್ಪನದು ಹಳದಿ.

ಅವ್ವನದು ಕೆಂಪು.

"ಬೀಡಿ ಸೇದೋರು ಇವ್ರು, ಕೆಂಪು ನನಗಾ?" ಅವ್ವ ನಕ್ಕಳು.

ಬಿಪಿ, ಶುಗರ್ ಎರಡೂ ಜಾಸ್ತಿ ಇದ್ದವು. ಎಷ್ಟು ಕಾಲದಿಂದಲೋ.

"ಹಾರ್ಟಿಗೆ ಈಗ ಏನಾದರೂ ಆಗಿದೆಯಾ?" ಎಂದೆ.

"ಹಾಗಲ್ಲಮ್ಮ. ಮುಂದೆ ಆಗೋ ಸಾಧ್ಯತೆ ಜಾಸ್ತಿ. ಆಗದೇನೂ ಇರಬಹುದು," ಎಂದರು ಡಾಕ್ಟರ್. ಮಾತ್ರೆ ಕೊಟ್ಟು, ಉಪ್ಪು ಕಡಿಮೆ ಮಾಡಲು ಹೇಳಿ, ತಿಂಗಳು ಬಿಟ್ಟು ಬರಲು ಹೇಳಿದರು.

ನಾನು ಸಂಖ್ಯಾಶಾಸ್ತ್ರ ಓದಿದವಳು. ಸಾಧ್ಯತೆ ಎಂದರೇನೆಂದು ನನಗೆ ಗೊತ್ತು. ಆದರೂ ಬಸ್ಸಿನಲ್ಲಿ, ಅದು ಅವ್ವನ ಮುಖದಲ್ಲಿ ಎಲ್ಲಿದೆ ಎಂದು ಹುಡುಕುತ್ತ ಕೂತಿದ್ದೆ.

ನಮ್ಮದು ಕುರಿ ಸಾಕುವ ಮನೆ. ಕಾಯಿಲೆ ಬಿದ್ದ ಕುರಿಯ ಬೆನ್ನಿಗೆ ಕೆಮ್ಮಣ್ಣು ಹಚ್ಚಿ, ಹಿಂಡಿನಿಂದ ಬೇರೆ ಕಟ್ಟುತ್ತೇವೆ. ಮೇಯಲು ಬಿಡುವುದಿಲ್ಲ. ಯಾರೂ ಬಾಯಿಬಿಟ್ಟು ಹೇಳದೆ ಅವ್ವನಿಗೂ ಹಾಗೇ ಆಯಿತು. ಅಪ್ಪ ಅವಳ ಕುರಿ ಕಾಯುವ ಕೋಲನ್ನು ಅಟ್ಟಕ್ಕೆ ಹಾಕಿದರು.

"ಬಿಸ್ಲಾಗೆ ಎಲ್ಲೋ ಬಿದ್ರೆ ಯಾರು ನೋಡ್ತಾರೆ? ಮನ್ಯಾಗಿರು."

ಅಪ್ಪನಿಗೆ ಹೊಲದ ಕೆಲಸ. ಹಿಂಡು ಮೇಯಿಸುವವಳು ಅವ್ವ ಒಬ್ಬಳೇ. ಹಾಗಾಗಿ ಕುರಿಗಳನ್ನೆಲ್ಲ ಮಾರಿಬಿಡುವುದೆಂದು ಆಯಿತು. ಸರಿಯೋ ತಪ್ಪೋ ನನಗೆ ತಿಳಿಯಲಿಲ್ಲ.

ಅವ್ವ ಹಗಲಿಡೀ ಜಗಲಿಯ ಮೇಲೆ ಕೂತಳು. ಮರಿಗಳು ಅರಚಿದರೆ ಎದ್ದು ನಿಂತು, ಮತ್ತೆ ಕೂರುವಳು. ನನ್ನ ಕೈಯನ್ನು ತನ್ನ ಎದೆಯ ಮೇಲಿಟ್ಟುಕೊಂಡು, "ಹೊಡ್ಕಂತಾ ಐತೇನೇ, ನೋಡು," ಎನ್ನುವಳು.

ಆಗ ಮೊದಲ ಬಾರಿಗೆ ಅವಳು ರೋಗಿಯಂತೆ ಕಂಡಳು.

ಕುರಿ ಕೊಳ್ಳುವ ವ್ಯಾಪಾರಿ ಬರುವ ಹಿಂದಿನ ದಿನ ಮತ್ತೆ ತಪಾಸಣೆ. ಬಿಪಿ ಸ್ವಲ್ಪ ಇಳಿದಿತ್ತು.

"ದಿನಾ ನಡೀತೀರಾ?" ಡಾಕ್ಟರ್ ಕೇಳಿದರು.

"ಇವ್ರನ್ನೇ ಕೇಳ್ರಿ," ಅವ್ವ ಅಪ್ಪನತ್ತ ಕೈ ತೋರಿಸಿದಳು. " ಕೆಮ್ಮಣ್ಣು ಹಚ್ಚಿ ಕಟ್ಟಾಕವ್ರೆ."

ಡಾಕ್ಟರಿಗೆ ಅರ್ಥವಾಗಲಿಲ್ಲ. ನಾನು ವಿವರಿಸಿದೆ. ಅವರು ಪೆನ್ನು ಕೆಳಗಿಟ್ಟು ಅಪ್ಪನ ಕಡೆ ತಿರುಗಿದರು.

"ನಡಿಗೆ ನಿಲ್ಲಿಸಬಾರದಿತ್ತು. ಕುರಿ ಹಿಂದೆ ಹೋಗಲಿ. ಮಾತ್ರೆ ಬಿಡಬಾರದು. ಎದೆನೋವು ಬಂದರೆ, ಉಸಿರು ಕಟ್ಟಿದಂತಾದರೆ ಮಾತ್ರ ಅಲ್ಲೇ ನಿಂತು, ಫೋನ್ ಮಾಡಿ ತಕ್ಷಣ ಇಲ್ಲಿಗೆ ಬರಬೇಕು."

"ಹಂಗಾರೆ ಕೆಂಪು ಹೋಯ್ತಾ ಮೇಡಂ?" ಅಪ್ಪ ಕೇಳಿದರು.

"ಇಲ್ಲ. ಅಷ್ಟು ಬೇಗ ಹೋಗಲ್ಲ."

"ಈ ಹಳದಿ ಮನುಷ್ಯಂಗೆ ಬೀಡಿ ಬಿಡಕ್ಕೂ ಹೇಳ್ರಿ," ಎಂದಳು ಅವ್ವ.

ಹೊರಗೆ ಬಂದು ಅಪ್ಪ ವ್ಯಾಪಾರಿಗೆ ಫೋನ್ ಮಾಡಿದರು. "ನಾಳೆ ಬರಬ್ಯಾಡಪ್ಪ. ಕುರಿ ಕಾಯೋರು ಮನ್ಯಾಗೇ ಅವ್ರೆ."

ಈಗ ಅವ್ವ ಮುದ್ದೆ ತಿಂದು, ಮಾತ್ರೆ ನುಂಗಿ, ಕೋಲು ಹಿಡಿದು ಹೋಗುತ್ತಾಳೆ. ಆ ಮಾತ್ರೆ ಒಳಗೆ ಏನು ಮಾಡುತ್ತಿದೆಯೋ ನನಗೆ ಕಾಣುವುದಿಲ್ಲ. ಏನೂ ಆಗದಂತೆ ನೋಡಿಕೊಳ್ಳುವುದೇ ಅದರ ಕೆಲಸ ಎಂದುಕೊಳ್ಳುತ್ತೇನೆ. ಇಂದೂ ಏನೂ ಆಗಲಿಲ್ಲ ಎಂಬುದಕ್ಕೆ ಯಾರಿಗೆ ಕೈಮುಗಿಯಬೇಕೋ ಗೊತ್ತಿಲ್ಲ. ಸಂಜೆ ಹಿಂಡಿನ ಧೂಳು ಕಾಣುವವರೆಗೂ ಬಾಗಿಲಲ್ಲಿ ನಿಂತಿರುತ್ತೇನೆ.

"ಏನೇ, ನನಗೆ ಕಾವಲಾ?" ಎನ್ನುತ್ತಾಳೆ ಅವ್ವ.

"ಇಲ್ಲವ್ವ, ಸುಮ್ನೆ," ಎಂದು ಅವಳ ಕೈಯಿಂದ ಕೋಲು ತೆಗೆದುಕೊಂಡು, ಅಟ್ಟಕ್ಕಲ್ಲ, ಬಾಗಿಲ ಮೂಲೆಗೆ ಒರಗಿಸುತ್ತೇನೆ.