ಶುಕ್ರವಾರದ ಬಿರಿಯಾನಿ ಮತ್ತು ಸೋಲುವ ತಂಡ

ನಾನೊಂದು ಫುಟ್‌ಬಾಲ್ ತಂಡದ ಅಭಿಮಾನಿ ಎಂದು ಹೇಳಿಕೊಳ್ಳಲು ನನಗೆ ಸ್ವಲ್ಪ ಸಂಕೋಚ. ತಂಡ ಇರುವುದು ಮೆಲ್ಬರ್ನಿನಲ್ಲಿ, ನಾನಿರುವುದು ದುಬೈಯಲ್ಲಿ, ಹುಟ್ಟಿದ್ದು ಉಡುಪಿಯ ಕಡೆ. ಅವರು ಆಡುವುದು ನೀವು ನಾವು ಬಲ್ಲ ಫುಟ್‌ಬಾಲ್ ಕೂಡ ಅಲ್ಲ. ಅದು ಆಸ್ಟ್ರೇಲಿಯಾದವರು ತಮಗಾಗಿ ಮಾಡಿಕೊಂಡ ಒಂದು ಆಟ. ಚೆಂಡು ಹಲಸಿನ ಬೀಜದ ಆಕಾರದ್ದು, ನೆಲಕ್ಕೆ ಬಿದ್ದರೆ ಯಾವ ಕಡೆ ಪುಟಿಯುತ್ತದೆಂದು ಅದಕ್ಕೇ ಗೊತ್ತಿರುವುದಿಲ್ಲ. ಆಟಗಾರರೆಲ್ಲ ತೋಳಿಲ್ಲದ ಬನಿಯನ್ ಹಾಕಿರುತ್ತಾರೆ. ನನ್ನ ತಂಡದ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಆ ವರ್ಷ ಅವರು ಇಂಗ್ಲಿಷಿನಲ್ಲಿ ತಿಂದ ಬೈಗುಳವೇ ಸಾಕಷ್ಟಿದೆ, ಕನ್ನಡದಲ್ಲೂ ಯಾಕೆ?

ಈ ಅಭಿಮಾನ ನನಗೆ ಅಂಟಿದ್ದು ಇಸ್ಮಾಯಿಲನ ಮನೆಯಲ್ಲಿ. ಇಸ್ಮಾಯಿಲ ಭಟ್ಕಳದವನು, ನಾನು ಬಿ.ಎ. ಓದುವಾಗ ಒಂದೇ ಬೆಂಚಿನಲ್ಲಿ ಕೂತವನು. ಅವನು ದುಬೈಗೆ ಬಂದು ಡೇರಾದಲ್ಲಿ ಬಟ್ಟೆ ಅಂಗಡಿ ಇಟ್ಟ. ನಾನು ಮುಂದೆ ಇತಿಹಾಸದಲ್ಲಿ ಎಂ.ಎ. ಮಾಡಿ, ಜೆಬೆಲ್ ಅಲಿಯ ಒಂದು ಕಂಪನಿಯಲ್ಲಿ ಸಾಮಾನು ಬಂತು, ಸಾಮಾನು ಹೋಯಿತು ಎಂದು ಬರೆಯುವ ಕೆಲಸ ಹಿಡಿದೆ. ಇತಿಹಾಸವೆಂದರೂ ಬಹುಮಟ್ಟಿಗೆ ಅಷ್ಟೇ ತಾನೇ. ಬಾಡಿಗೆ, ಶಾಲೆಯ ಫೀಸು ಎಂದು ಹೆಂಡತಿ ಮಗಳನ್ನು ಊರಿಗೆ ಕಳಿಸಿದ ಮೇಲೆ ನಾನು ಈ ಊರಿನ ಭಾಷೆಯಲ್ಲಿ ‘ಬ್ಯಾಚುಲರ್’ ಆದೆ. ಮದುವೆಯಾಗಿ ಹನ್ನೆರಡು ವರ್ಷದ ಬ್ಯಾಚುಲರ್! ಮುಹೈಸ್ನಾದಲ್ಲಿ ಇತರರೊಡನೆ ಹಂಚಿಕೊಂಡ ಕೋಣೆಯಲ್ಲಿ ಮಂಚದ ಮೇಲೆ ಕೂತು, ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಉಣ್ಣುವ ನನಗೆ, ವಾರದಲ್ಲಿ ಒಂದು ಊಟ ಮಾತ್ರ ಊಟದ ಹಾಗಿರುತ್ತಿತ್ತು. ಅದು ಶುಕ್ರವಾರ ಇಸ್ಮಾಯಿಲನ ಮನೆಯದು.

ಅವರ ಮನೆಯಲ್ಲಿ ನೆಲದ ಮೇಲೆ ಬಟ್ಟೆ ಹಾಸಿ, ಒಂದೇ ದೊಡ್ಡ ತಟ್ಟೆಯ ಸುತ್ತ ಕೂತು ಉಣ್ಣುವ ಪದ್ಧತಿ. ಮೊದಲ ದಿನ ನನಗೆ ಗಾಬರಿಯಾಗಿತ್ತು. ನನ್ನ ಪಾಲು ಎಲ್ಲಿ ಮುಗಿದು ಇಸ್ಮಾಯಿಲನ ಪಾಲು ಎಲ್ಲಿ ಶುರುವಾಗುತ್ತದೆ? ಎರಡನೆಯ ವಾರಕ್ಕೆ ಆ ಪ್ರಶ್ನೆ ಮರೆತುಹೋಯಿತು. ಇಸ್ಮಾಯಿಲ ಜುಮ್ಮಾ ನಮಾಜು ಮುಗಿಸಿ ಬಂದು, ನಾವು ಬಿರಿಯಾನಿಯ ಎದುರು ಕೂರುವ ಹೊತ್ತಿಗೆ ಸುಮಾರು ಎರಡು ಗಂಟೆ. ಮೆಲ್ಬರ್ನಿನಲ್ಲಿ ಆಗ ರಾತ್ರಿ, ಅವರ ಶುಕ್ರವಾರದ ದೊಡ್ಡ ಆಟ ಶುರುವಾಗುವ ಸಮಯ. ಟಿವಿಯಲ್ಲಿ ಆ ಹೊತ್ತಿಗೆ ಹಳೆಯದಲ್ಲದ, ಆಗಲೇ ನಡೆಯುತ್ತಿರುವ ಆಟವೆಂದರೆ ಅದೊಂದೇ. ಅದೂ ಅಲ್ಲದೆ ಅಲ್ಲಿ ಚಳಿಗಾಲ. ಕಿಟಕಿಯ ಗಾಜು ಮುಟ್ಟಿದರೆ ಕೈ ಸುಡುವ ಜುಲೈಯಲ್ಲಿ, ಯಾರೋ ಮಳೆಯಲ್ಲಿ ಜಾರಿ ಬೀಳುವುದನ್ನು ನೋಡುವ ಸುಖವನ್ನು ನಾನು ವಿವರಿಸಲಾರೆ.

ತಂಡವನ್ನು ಆರಿಸಿದ್ದು ಇಸ್ಮಾಯಿಲನ ತಾಯಿ. ಅವರನ್ನು ನಾನೂ ಮಾ ಎಂದೇ ಕರೆಯುವುದು. ಮನೆಮಾತು ನವಾಯತಿ. ಕನ್ನಡವನ್ನು ಭಟ್ಕಳದಲ್ಲಿ ಮೀನು ತರುವ ಹೆಂಗಸರೊಡನೆ ಚೌಕಾಶಿ ಮಾಡಿ ಕಲಿತದ್ದು, ಹಾಗಾಗಿ ಅವರ ಕನ್ನಡದಲ್ಲಿ ಸೋಲೊಪ್ಪುವ ಮಾತೇ ಇಲ್ಲ. ಮೊದಲ ಶುಕ್ರವಾರ ಸ್ವಲ್ಪ ಹೊತ್ತು ನೋಡಿ, “ಸೋಲುವುದು ಯಾರು ಇದರಲ್ಲಿ?” ಎಂದು ಕೇಳಿದರು. ಇಸ್ಮಾಯಿಲ ತೋರಿಸಿದ.

“ಹಾಗಾದರೆ ನಾವು ಅವರ ಕಡೆ.”

“ಯಾಕೆ ಮಾ? ಗೆಲ್ಲುವವರ ಕಡೆ ಇರಬಹುದಲ್ಲ?”

“ಗೆಲ್ಲುವವರಿಗೆ ನಾವು ಯಾಕೆ? ಅವರಿಗೆ ಜನ ಉಂಟು.”

ಹೀಗೆ ನಮ್ಮ ನಿಷ್ಠೆ ತೀರ್ಮಾನವಾಯಿತು. ಪ್ರತಿ ಶುಕ್ರವಾರವೂ ನಮ್ಮವರ ಆಟವೇ ಬರುತ್ತಿರಲಿಲ್ಲ. ಬಂದ ದಿನ ಹಬ್ಬ, ಬಾರದ ದಿನ ಬೇರೆ ಯಾರಾದರೂ ಸೋಲುವವರು ಸಿಗುತ್ತಿದ್ದರು.

ಈಗ ಆ ಸೀಸನ್ ಬಗ್ಗೆ ನನ್ನ ಅಭಿಪ್ರಾಯ. ನಮ್ಮವರು ಕೆಟ್ಟ ತಂಡವಲ್ಲ, ಗುರಿ ತಪ್ಪುವ ತಂಡ. ಈ ಆಟದಲ್ಲಿ ನಾಲ್ಕು ಕಂಬಗಳಿವೆ. ನಡುವಿನ ಎರಡರ ಮಧ್ಯೆ ಒದ್ದರೆ ಆರು ಅಂಕ. ತಪ್ಪಿ ಪಕ್ಕದ ಕಂಬದೊಳಗೆ ಹೋದರೆ ಒಂದು. ಕಂಬಕ್ಕೇ ಬಡಿದರೂ ಒಂದು. ತಪ್ಪಿದವನಿಗೂ ಏನಾದರೂ ಕೊಟ್ಟು ಕಳಿಸುವ ಈ ಔದಾರ್ಯ ನೋಡಿ ನನಗೆ ಕಣ್ಣು ತುಂಬಿತ್ತು. ನನ್ನ ಎಂ.ಎ. ಪರೀಕ್ಷಕರು ಆಸ್ಟ್ರೇಲಿಯಾದವರಾಗಿದ್ದರೆ ನಾನು ಇವತ್ತು ಎಲ್ಲೋ ಪ್ರೊಫೆಸರ್ ಆಗಿರುತ್ತಿದ್ದೆ. ನಮ್ಮವರು ಆರರ ಕಡೆ ಗುರಿಯಿಟ್ಟು ಒಂದೊಂದನ್ನೇ ಒಟ್ಟುಮಾಡುವ ಪೈಕಿ. ಅವರ ಮುಂದಾಳು ಒಬ್ಬ ಕೆಂಪು ಕೂದಲಿನವನು. ಓಡುವಾಗ ಜಿಂಕೆ, ಒದೆಯುವಾಗ ಮಾತ್ರ ಏನೋ ನೆನಪಾದವನ ಹಾಗೆ ಒಂದು ಕ್ಷಣ ತಡೆಯುತ್ತಿದ್ದ. ನನಗೆ ಅವನ ಮೇಲೆ ವಿಶೇಷ ಮಮತೆ. ಯೋಚಿಸಿ ಕೆಟ್ಟವರೆಲ್ಲ ನನಗೆ ನೆಂಟರು.

ವೀಕ್ಷಕ ವಿವರಣೆಯವರು ವಾರವಾರವೂ “ತಂಡ ಮರುನಿರ್ಮಾಣದಲ್ಲಿದೆ” ಎನ್ನುತ್ತಿದ್ದರು. ದುಬೈಯಲ್ಲಿ ಇರುವವನಿಗೆ ಇದರಲ್ಲಿ ನಾಚಿಕೆಪಡುವಂಥದ್ದು ಏನೂ ಕಾಣುವುದಿಲ್ಲ. ನಮ್ಮ ಬೀದಿಯೂ ಮರುನಿರ್ಮಾಣದಲ್ಲೇ ಇತ್ತು. ಇನ್ನೊಂದು ನಿಯಮ ನನಗೆ ಬಹಳ ಹಿಡಿಸಿತು. ವರ್ಷದ ಕೊನೆಗೆ ಪಟ್ಟಿಯಲ್ಲಿ ತೀರಾ ಕೆಳಗಿದ್ದ ತಂಡಕ್ಕೆ, ಮುಂದಿನ ವರ್ಷದ ಹೊಸ ಹುಡುಗರನ್ನು ಆರಿಸುವಾಗ ಮೊದಲ ಸರದಿ. ಜಗತ್ತನ್ನು ಹೀಗೆ ನಡೆಸಬಹುದು ಎಂದು ಯಾವ ಸಾಮ್ರಾಜ್ಯಕ್ಕೂ ಹೊಳೆದಂತಿಲ್ಲ.

ನಡುವೆ ನನ್ನನ್ನು ಕಂಪನಿಯವರು ಮದೀನತ್ ಜಾಯೆದ್‌ನ ಸೈಟಿಗೆ ಕಳಿಸಿದರು. ಅಬುಧಾಬಿ ದಾಟಿ, ಮರಳು ದಾಟಿ, ಮತ್ತೂ ಮರಳು. ಅಲ್ಲಿದ್ದಾಗ ಒಂದು ಶುಕ್ರವಾರ ಇಸ್ಮಾಯಿಲನ ಮೆಸೇಜ್ ಬಂತು: “ಗೆದ್ದರು ಮಾರಾಯ!” ನಾನಿಲ್ಲದೆ ಮಾತಿಗೆ ಜೊತೆ ಸಿಗದ ಅವನು ಬೇಗ ಉಂಡು ಅಂಗಡಿಗೆ ಹೋಗಿ, ಗಲ್ಲಾದ ಹಿಂದೆ ಕೂತು ಫೋನಿನಲ್ಲಿ ಆಟ ಮುಗಿಯುವವರೆಗೆ ನೋಡಿದ್ದ. ಕೆಲವು ವಾರ ಬಿಟ್ಟು ಇನ್ನೊಮ್ಮೆ ನನ್ನನ್ನು ಅಲ್ಲಿಗೇ ಕಳಿಸಿದರು. ನಮ್ಮವರು ಇನ್ನೊಮ್ಮೆ ಗೆದ್ದರು. ನಾನು ಹಿಂತಿರುಗಿ ತಟ್ಟೆಯ ಎದುರು ಕೂತೆ. ಸೋತರು.

ಮುಂದಿನ ಶುಕ್ರವಾರ ಇಸ್ಮಾಯಿಲ ಮೂಳೆ ಚೀಪುತ್ತಾ ಹೇಳಿದ: “ನೀನು ಆ ಮರಳಲ್ಲೇ ಇದ್ದುಬಿಡು ಮಾರಾಯ. ನಮ್ಮವರು ಕಪ್ ಹೊಡೀತಾರೆ.”

ನಾನೂ ನಕ್ಕೆ. ಅವನು ಇದನ್ನು ಒಂದೇ ಸಲ ಹೇಳಿದನೋ, ಮತ್ತೊಮ್ಮೆಯೂ ಹೇಳಿದನೋ, ಅಥವಾ ಎರಡನೆಯ ಸಲ ಹೇಳಿದ್ದು ನನ್ನ ತಲೆಯೊಳಗಿನ ಇಸ್ಮಾಯಿಲನೋ, ನನಗೆ ಈಗ ಖಾತ್ರಿಯಿಲ್ಲ. ನೆನಪು ಸಾಕ್ಷಿ ಹೇಳುವಾಗ ಎದುರಿಗೆ ಕೂತವನ ಮುಖ ನೋಡಿ ಹೇಳುತ್ತದೆ. ಆದರೆ ಮಾತು ಒಳಗೆ ಎಲ್ಲೋ ನಾಟಿತು. ಯಾಕೆಂದರೆ ಜಾಗ ಮೊದಲೇ ಹದವಾಗಿತ್ತು. ಎರಡು ವರ್ಷದಿಂದ ಒಬ್ಬರ ಮನೆಯಲ್ಲಿ ವಾರವಾರ ಉಣ್ಣುತ್ತಿದ್ದೇನೆ, ಒಂದು ದಿನವೂ ತಿರುಗಿ ಊಟಕ್ಕೆ ಕರೆಯಲಾಗಿಲ್ಲ. ಮಂಚದ ಮೇಲೆ ಯಾರನ್ನು ಕರೆಯುವುದು? ಒಂದು ಕಿಲೋ ಹಣ್ಣು ಹಿಡಿದುಕೊಂಡು ಹೋದರೆ ಮಾ ಬೈಯುತ್ತಿದ್ದರು. ಬರಬೇಡ ಎಂದು ಅವರು ಯಾವ ದಿನ ಹೇಳಿಯಾರು ಎಂದು ನಾನು ಒಳಗೊಳಗೇ ಕಾಯುತ್ತಿದ್ದೆನೇನೋ. ಈಗ ಕಾರಣವೂ ಸಿಕ್ಕಿತು: ನನ್ನ ಕಾಲ್ಗುಣ.

ಸೀಸನ್ನಿನ ಕೊನೆಯ ಆಟ ಶುಕ್ರವಾರವೇ ಬಂತು. ನಮ್ಮವರಿಗೆ ಪಟ್ಟಿಯಲ್ಲಿ ಮೇಲೇರುವ ಆಸೆಯೇನೂ ಉಳಿದಿರಲಿಲ್ಲ, ಮರ್ಯಾದೆಗೊಂದು ಗೆಲುವು ಬೇಕಿತ್ತು. ನಾನು ತ್ಯಾಗ ಮಾಡಲು ನಿಶ್ಚಯಿಸಿದೆ. “ಡ್ಯೂಟಿ ಉಂಟು, ಬರುವುದಿಲ್ಲ” ಎಂದು ಇಸ್ಮಾಯಿಲನಿಗೆ ಮೆಸೇಜ್ ಹಾಕಿ, ಹೋಟೆಲಿನಿಂದ ಪರೋಟ ತಂದು ಮಂಚದ ಮೇಲೆ ಕೂತೆ. ದೇಶಕ್ಕಾಗಿ ಏನೋ ಮಾಡುತ್ತಿರುವವನ ಗಾಂಭೀರ್ಯ ನನ್ನ ಮುಖದಲ್ಲಿ ಇದ್ದಿರಬೇಕು. ರೂಮಿನವನೊಬ್ಬ ಹೊಟ್ಟೆನೋವಾ ಎಂದು ಕೇಳಿದ.

ಫೋನ್ ಬಂತು. ಮಾ.

“ಶುಕ್ರವಾರ ಎಂತ ಡ್ಯೂಟಿ ನಿನಗೆ?”

ಅವರೆದುರು ಸುಳ್ಳು ನಿಲ್ಲುವುದಿಲ್ಲ. ಇದ್ದದ್ದನ್ನು ಹೇಳಿದೆ. ನಾನು ಬಂದರೆ ತಂಡ ಸೋಲುತ್ತದೆ ಮಾ, ಒಮ್ಮೆಯೂ ಗೆದ್ದಿಲ್ಲವಲ್ಲ.

“ಯಾರು ಹೇಳಿದ್ದು ಗೆದ್ದಿಲ್ಲ ಅಂತ? ಈದ್ ಕಳೆದ ಮೇಲಿನ ಶುಕ್ರವಾರ ನೀನು ಇಲ್ಲೇ ಇದ್ದೆ. ಗೆದ್ದರಲ್ಲ.”

“ಇಲ್ಲ ಮಾ, ಅವತ್ತು ಸೋತರು.”

“ನೀನು ನೋಡಿದ್ದಾ? ನೀನೂ ಅವನೂ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದಿರಿ. ನಾನು ನೋಡಿದ್ದು. ಕೊನೆಗೆ ಒಂದು ಕೋಣೆಯಲ್ಲಿ ಸುತ್ತ ನಿಂತು, ತಬ್ಬಿಕೊಂಡು ಹಾಡಿದರು. ಸೋತವರು ಹಾಡುತ್ತಾರಾ?”

ನಾನು ಪರೋಟ ಕೆಳಗಿಟ್ಟೆ. ಗೆದ್ದ ತಂಡ ಒಳಗೆ ಹೋಗಿ ಸುತ್ತುಗಟ್ಟಿ ತಮ್ಮ ಹಾಡು ಹೇಳುತ್ತದೆ ಎಂಬುದೇ ನನಗೆ ಗೊತ್ತಿರಲಿಲ್ಲ. ಹೇಗೆ ಗೊತ್ತಾಗಬೇಕು? ಆಟಕ್ಕೆ ನಾಲ್ಕು ಭಾಗ. ಮೊದಲನೆಯದು ಬಿರಿಯಾನಿಯೊಂದಿಗೆ, ಎರಡನೆಯದು ಹಣ್ಣಿನೊಂದಿಗೆ, ಮೂರನೆಯದು ದಿಂಬಿನೊಂದಿಗೆ. ನಾಲ್ಕನೆಯದನ್ನು ಇಡೀ ಸೀಸನ್ನಿನಲ್ಲಿ ನಾನು ಕಂಡೇ ಇರಲಿಲ್ಲ. ನನಗೆ ನಿದ್ದೆ ಬರುವಾಗ ಹಿಂದಿದ್ದವರು ನಾನು ಏಳುವಷ್ಟರಲ್ಲಿ ಸೋತಿರಲೇಬೇಕೆಂದು ನಂಬಿ, ವಿಚಾರಿಸುವ ಗೋಜಿಗೆ ಹೋಗದೆ ಚಹಾ ಕುಡಿದು ಮನೆಗೆ ಬಂದವನು ನಾನು. ಬಂದು ದಿನಚರಿಯಲ್ಲಿ ಧೈರ್ಯವಾಗಿ ‘ಸೋತರು’ ಎಂದು ಬರೆದವನೂ ನಾನೇ. ಇತಿಹಾಸದ ಎಷ್ಟು ಪುಟಗಳನ್ನು ಊಟದ ನಂತರ ಮಲಗಿದವರು ಬರೆದಿರಬಹುದು ಎಂಬ ಯೋಚನೆ ಬಂದು ನನ್ನ ಎಂ.ಎ. ಪದವಿ ಸ್ವಲ್ಪ ಅಲುಗಾಡಿತು.

“ಆದರೂ ಮಾ, ಇವತ್ತು ಕೊನೆಯ ಆಟ. ನಾನು ಬಂದು ಸೋತರೆ...”

“ಗೆಲ್ಲಲಿಕ್ಕೆ ನಿನ್ನನ್ನು ಯಾರು ಕರೆದದ್ದು?” ಎಂದರು ಮಾ. “ಉಣ್ಣಲಿಕ್ಕೆ ಕರೆದದ್ದು. ಇವನೂ ಕೈ ತೊಳೆದು ಕೂತಿದ್ದಾನೆ. ಯಲ್ಲಾ, ಬಾ.”

ಮುಹೈಸ್ನಾದಿಂದ ಟ್ಯಾಕ್ಸಿ ಹಿಡಿದೆ. ಬಾಗಿಲು ತೆಗೆದ ಇಸ್ಮಾಯಿಲನ ಮುಖ ಸಪ್ಪಗಿತ್ತು. “ಎಂತ ಮಾರಾಯ, ನಾನು ತಮಾಷೆಗೆ ಹೇಳಿದ್ದಲ್ವಾ” ಎಂದ. “ಮಾ ಅರ್ಧ ಗಂಟೆಯಿಂದ ನನಗೆ ಸರಿಯಾಗಿ ಕೊಡ್ತಾ ಇದ್ದಾರೆ.”

“ಅನ್ನ?”

“ಬೈಗಳು. ಅನ್ನ ನೀನು ಬಾರದೆ ಇಲ್ಲವಂತೆ.”

ತಟ್ಟೆ ಬಂತು. ಎಲ್ಲಕ್ಕಿಂತ ದೊಡ್ಡ ತುಂಡನ್ನು ಮಾ ನನ್ನ ಕಡೆಗೆ ತಿರುಗಿಸಿ ಇಟ್ಟಿದ್ದರು. ಇಸ್ಮಾಯಿಲನ ಬೆರಳು ಆ ಕಡೆ ಹೊರಟಿತು. “ಕೊನೆಗೆ ಬಂದವನಿಗೆ ಅದು” ಎಂದರು. ಪಟ್ಟಿಯ ತಳದಲ್ಲಿರುವ ತಂಡಕ್ಕೆ ಮೊದಲ ಸರದಿ ಎಂಬ ಆಸ್ಟ್ರೇಲಿಯಾದ ನಿಯಮವನ್ನು ಅವರಿಗೆ ಯಾರೂ ವಿವರಿಸಿರಲಿಲ್ಲ.

ಆಟ ಆಗಲೇ ಎರಡನೆಯ ಭಾಗಕ್ಕೆ ಬಂದಿತ್ತು. ನಮ್ಮವರು ಹಿಂದೆ, ಆದರೆ ಬಹಳ ಹಿಂದೆ ಅಲ್ಲ. ಕೆಂಪು ಕೂದಲಿನವನು ಒದ್ದ ಚೆಂಡು ಒಂದು ಸಲ ಕಂಬಕ್ಕೆ ಬಡಿಯಿತು. “ಒಂದು ಸಿಕ್ಕಿತಲ್ಲ” ಎಂದರು ಮಾ, ಜಪಮಣಿ ಸರಿಸುತ್ತಾ. ಇವತ್ತು ಏನೇ ಆಗಲಿ, ನಾಲ್ಕನೆಯ ಭಾಗ ನೋಡುವುದೇ ಎಂದು ನಾನೂ ಇಸ್ಮಾಯಿಲನೂ ಪ್ರತಿಜ್ಞೆ ಮಾಡಿದೆವು. ಬೆನ್ನಿಗೆ ದಿಂಬು ಇಟ್ಟುಕೊಳ್ಳಲಿಲ್ಲ. ಇಸ್ಮಾಯಿಲ ಎದ್ದು ಮುಖಕ್ಕೆ ನೀರು ಹಾಕಿಕೊಂಡು ಬಂದ. ನಾನು ಕಣ್ಣು ಅಗಲ ಮಾಡಿ ಕೂತೆ. ಮೂರನೆಯ ಭಾಗದಲ್ಲಿ ನಮ್ಮವರು ಹತ್ತಿರ ಹತ್ತಿರ ಬಂದದ್ದು ನೆನಪಿದೆ. ಮಳೆ ಶುರುವಾದದ್ದು ನೆನಪಿದೆ. ಎಸಿಯ ಗಾಳಿ ಹಿತವಾಗಿದ್ದದ್ದು ನೆನಪಿದೆ.

ಎಚ್ಚರವಾದಾಗ ಸಂಜೆಯ ಅಸರ್ ಬಾಂಗ್ ಮುಗಿದಿತ್ತು. ಟಿವಿ ಆರಿತ್ತು. ನನ್ನ ತಲೆಯ ಕೆಳಗೆ ದಿಂಬು ಬಂದಿತ್ತು, ಮೇಲೊಂದು ಹೊದಿಕೆಯೂ. ಆಚೆ ಇಸ್ಮಾಯಿಲ ಬಾಯಿ ತೆರೆದು ಮಲಗಿದ್ದ. ಮಾ ಚಹಾ ತಂದಿಟ್ಟರು.

“ಮಾ, ಹಾಡಿದರಾ?”

“ಹಾಡಿದರು.”

ಪ್ರತಿ ಆಟದಲ್ಲೂ ಯಾರಾದರೊಬ್ಬರು ಗೆಲ್ಲುತ್ತಾರೆ, ಗೆದ್ದವರು ಹಾಡುತ್ತಾರೆ. ಹಾಡಿದ್ದು ಯಾರು ಎಂದು ಕೇಳಲು ಬಾಯಿ ತೆರೆದವನು ಚಹಾ ಕುಡಿದೆ. ಜೇಬಿನಲ್ಲಿ ಫೋನಿದೆ, ಒತ್ತಿದರೆ ಉತ್ತರ ಬರುತ್ತದೆ. ಇದುವರೆಗೂ ಒತ್ತಿಲ್ಲ. ಆ ದಿನದ ದಿನಚರಿಯಲ್ಲಿ ಮಾತ್ರ, ಇತಿಹಾಸದ ವಿದ್ಯಾರ್ಥಿಗೆ ತಕ್ಕ ಹಾಗೆ, ನಾನು ಕಣ್ಣಾರೆ ಕಂಡದ್ದನ್ನಷ್ಟೇ ಬರೆದಿದ್ದೇನೆ: ಊಟ ಮಾಡಿದೆ. ಮಲಗಿದೆ. ಯಾರೋ ಹೊದಿಸಿದರು.