ಬೆರಕೆ ಕಲ್ಲು

ಗ್ರಾನೈಟ್ ಎಂಬ ಮಾತನ್ನು ನಂಬುವುದನ್ನು ನಾನು ಬಿಟ್ಟು ಬಹಳ ಕಾಲವಾಯಿತು. ರಾಯಚೂರಿನ ಅಂಗಡಿಗಳಲ್ಲಿ ಹೊಳಪು ಕೊಟ್ಟ ಯಾವ ಗಟ್ಟಿ ಕಲ್ಲಿಗೂ ಅದೇ ಹೆಸರು. ಜ್ವಾಲಾಮುಖಿಯ ಲಾವಾ ತಣಿದು ಗ್ರಾನೈಟ್ ಆಯಿತೆಂದು ಶಾಲೆಯಲ್ಲಿ ಬರೆಸಿದ್ದರು. ಅದು ತಪ್ಪೆಂದು, ಗ್ರಾನೈಟ್ ನೆಲದಾಳದಲ್ಲೇ ತಣಿದದ್ದೆಂದು ತಿಳಿಯಲು ನನಗೆ ರದ್ದಿ ಅಂಗಡಿಯ ಪುಸ್ತಕಗಳೂ ಅರ್ಧ ಆಯುಷ್ಯವೂ ಬೇಕಾದವು.

ಮಾನ್ವಿಯಿಂದ ದೇವದುರ್ಗದ ಕಡೆಗೆ ಹೋಗುವ ದಾರಿಯಲ್ಲಿ ನನ್ನ ಹೆಂಡತಿಯ ತವರೂರು. ಊರ ಹಿಂದಿನ ಗುಡ್ಡದ ಇಳಿಜಾರು ಪೂರಾ ಬೋಳು ಬಂಡೆ. ನೀರು ಹೊಯ್ದು ತಿಕ್ಕಿದರೆ ಕಪ್ಪು ಮತ್ತು ತಿಳಿಗೆಂಪು ಪಟ್ಟಿಗಳು, ನಾದಿದ ಹಿಟ್ಟಿನಂತೆ ಮಡಚಿಕೊಂಡು ಕಾಣುತ್ತಿದ್ದವು. ಕಪ್ಪು ಹಳೆಯದು, ಅದು ನೆಲದಾಳದಲ್ಲಿ ಬೆಂದು, ಕರಗಿದಷ್ಟು ಭಾಗ ತಿಳಿಬಣ್ಣದ ಪಟ್ಟಿಯಾಗಿ ಗಟ್ಟಿಯಾಯಿತು ಎನ್ನುತ್ತವೆ ಪುಸ್ತಕಗಳು. ಅಂಥ ಕಲ್ಲಿಗೆ ಮಿಗ್ಮಟೈಟ್, ಅಂದರೆ ಬೆರೆತ ಕಲ್ಲು, ಎಂದು ಹೆಸರು. ಈ ವಿವರಣೆಯನ್ನೂ ನಾನು ಸುಮ್ಮನೆ ಒಪ್ಪಲಿಲ್ಲ. ಕೆಲವೆಡೆ ಕಪ್ಪಿನ ಅಂಚು ಕತ್ತರಿಸಿದಷ್ಟು ಚೂಪಾಗಿತ್ತು. ಅಲ್ಲೇ ಬೆಂದು ಒಸರಿದ್ದಾದರೆ ಅಂಚು ಮಸುಕಾಗಬೇಡವೇ? ಬೇರೆಲ್ಲಿಂದಲೋ ಬಂದ ಕರಗಿದ ಕಲ್ಲು ಕಪ್ಪನ್ನು ಒಡೆದು ನುಗ್ಗಿರಲಾರದೇ? ಇದನ್ನು ತಿಳಿಯಲೆಂದೇ ತುಂಬಿದ ಕೊಡ ಹೊತ್ತು ಗುಡ್ಡ ಹತ್ತುತ್ತಿದ್ದೆ.

“ಅಳಿಯ ಮನಿ ತೊಳಿಯ ಅಂತಾರ. ನಮ್ಮ ಅಳಿಯಾರು ನೋಡ್ರಿ, ಗುಡ್ಡಾನ ತೊಳಿಯಾಕತ್ತಾರ!” ಎಂದು ಊರ ಹೆಂಗಸರು ನಗುತ್ತಿದ್ದರು.

ಆ ಗುಡ್ಡವನ್ನು ಗ್ರಾನೈಟಿಗಾಗಿ ಕೊಯ್ಯಲು ಒಬ್ಬ ಗುತ್ತಿಗೆದಾರ ಬಂದ. ಊರ ಸಭೆಯಲ್ಲಿ ನಾನು ಎದ್ದು ನಿಂತೆ.

“ಇದು ಗ್ರಾನೈಟ್ ಅಲ್ರೀ. ಕೊಯ್ದರ ಪಟ್ಟಿಗುಂಟ ಸೀಳತದ. ಇದು ಬೆರಕಿ ಕಲ್ಲು.”

ಬೆರೆತದ್ದು ಎಂಬ ಅರ್ಥದಲ್ಲಿ ಹೇಳಿದ್ದೆ. ನಮ್ಮ ಕಡೆ ಬೆರಕಿ ಎಂದರೆ ಒಳಗೊಳಗೇ ಆಟ ಹೂಡುವ ಮನುಷ್ಯ. ಹೆಂಡತಿಯ ತಮ್ಮ ಬಿಡುತ್ತಾನೆಯೇ?

“ಮಾಮಾ, ಬೆರಕಿ ಯಾರು? ಕಲ್ಲೋ, ನೀವೋ?”

ಸಭೆ ಬಿದ್ದು ಬಿದ್ದು ನಕ್ಕಿತು. ಗುತ್ತಿಗೆದಾರ ಮಾತ್ರ ನಗಲಿಲ್ಲ.

“ಯಜಮಾನ್ರು ಛಲೋ ಹೇಳಿದ್ರು. ಹಾಸುಗಲ್ಲಿಗಿ ಬರಂಗಿಲ್ಲಂದ್ರ ಕ್ರಷರ್ ಹಾಕೂಣು. ರಸ್ತಾದ ಖಡಿ ಮಾಡಾಕ ಯಾವ ಕಲ್ಲಾದರೇನ್ರಿ?”

ಇದು ನೂರಾರು ಕೋಟಿ ವರ್ಷದ ಕಲ್ಲು, ಇಳಿಜಾರನ್ನಾದರೂ ಉಳಿಸಿ ಎಂದು ಬೇಡಿಕೊಂಡೆ. ಊರ ಹಿರಿಯನೊಬ್ಬ ಸಮಾಧಾನದಿಂದಲೇ ಹೇಳಿದ: “ಬೆರಕಿ ಅಂತ ನೀವ ಅಂದ್ರಿ. ಶುದ್ಧ ಇದ್ದಿದ್ರ ಮಾತು ಬ್ಯಾರೆ ಇತ್ತು.”

ಶುದ್ಧ! ಮನೆಯಲ್ಲಿ ಕನ್ನಡ, ಸಂತೆಯಲ್ಲಿ ದಖನಿ ಉರ್ದು, ಬೈಯುವಾಗ ತೆಲುಗು ಆಡುವ ಬಾಯಿಂದ ಆ ಮಾತು ಬಂತು. ಬೆರೆತಿರುವುದೇ ಆ ಬಂಡೆಯ ಹಿರಿಮೆ ಎಂಬುದು ಯಾರ ಕಿವಿಗೂ ಬೀಳಲಿಲ್ಲ. ಆ ಪದವನ್ನು ನಾನು ಇಂದಿಗೂ ಹಿಂತೆಗೆದುಕೊಂಡಿಲ್ಲ. ಕಲ್ಲಿಗೆ ಅದೇ ಸರಿಯಾದ ಹೆಸರು. ಗ್ರಾನೈಟಿನವರಾಗಿದ್ದರೆ ಒಳ್ಳೆಯ ಕಲ್ಲು ಆರಿಸಿ ಉಳಿದದ್ದನ್ನು ಬಿಡುತ್ತಿದ್ದರು. ಕ್ರಷರ್‌ಗೆ ಆಯ್ಕೆಯಿಲ್ಲ.

ಊರು ಒಪ್ಪಿತು. ಗುಡ್ಡಕ್ಕೆ ಸಿಡಿಮದ್ದು ಇಟ್ಟ ವಾರದಲ್ಲೇ ಹೆಂಡತಿಯ ತಮ್ಮ ನಮ್ಮ ರಾಯಚೂರಿನ ಮನೆಗೆ ಒಂದು ತುಂಡು ತಂದ. ಅರ್ಧ ಕಪ್ಪು, ಅರ್ಧ ಕೆಂಪು, ನಡುವೆ ಚೂಪಾದ ಗೆರೆ.

“ಇಟ್ಕೋರಿ ಮಾಮಾ. ನಿಮ್ಮ ಗುಡ್ಡದ ನೆನಪಿಗಿ.”

ಪ್ರೀತಿಯಿಂದಲೇ ತಂದಿದ್ದ. ನಾನು ತೆಗೆದುಕೊಳ್ಳಲಿಲ್ಲ. ಅಂಗೈಯಗಲದ ತುಂಡಿನಲ್ಲಿ ಗೆರೆ ಮಾತ್ರ ಇರುತ್ತದೆ. ಕೆಂಪು ಅಲ್ಲಿಯೇ ಹುಟ್ಟಿತೋ, ಹೊರಗಿನಿಂದ ನುಗ್ಗಿತೋ ಎಂದು ಹಿಂಬಾಲಿಸಿ ನೋಡಲು ಇಡೀ ಇಳಿಜಾರು ಬೇಕಿತ್ತು.